ಯಾರ ಜೊತೆ ಕಾಯ್ತಾ ಇದ್ದೀವಿ?

ತಪ್ಪು ಮಾಡಿದ್ದು ಯಾರು ಅಂತ ಶುರುವಿನಲ್ಲೇ ತೋರಿಸಿಬಿಟ್ಟರೆ ಸಸ್ಪೆನ್ಸ್ ಸಿನಿಮಾದಲ್ಲಿ ಇನ್ನೇನು ಉಳಿಯುತ್ತೆ? ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ನೋಡಿದವರಿಗೆ ಇದಕ್ಕೆ ಉತ್ತರ ಗೊತ್ತಿರುತ್ತೆ. 1985ರ ಈ ಸಿನಿಮಾದಲ್ಲಿ ಪ್ರೇಕ್ಷಕನಿಂದ ಬಚ್ಚಿಟ್ಟ ಅಪರಾಧಿ ಅಂತ ಯಾರೂ ಇಲ್ಲ. ಬೆಂಗಳೂರಿನ ಒಂದು ರಾತ್ರಿ. ನಶೆಯಲ್ಲಿರೋ ಇಬ್ಬರು ಅನುಕೂಲಸ್ಥರ ಮಕ್ಕಳು, ಒಂದು ಕಾರು, ಫುಟ್‌ಪಾತ್ ಮೇಲೆ ಸಾಲಾಗಿ ಮಲಗಿದ ಬಡವರು. ಕಾರು ಅವರ ಮೇಲೆ ಹರಿಯುತ್ತೆ. ಹುಡುಗರಲ್ಲಿ ದೀಪಕ್ ಅನ್ನೋನು ಚುನಾವಣೆಗೆ ನಿಂತಿರೋ ರಾಜಕಾರಣಿ ಧರ್ಮಾಧಿಕಾರಿಯ ಮಗ. ಬದುಕಿ ಉಳಿಯೋನು ಒಬ್ಬನೇ, ರಾಮಣ್ಣ. ರವಿ ಅನ್ನೋ ಪತ್ರಕರ್ತ ಈ ಪ್ರಕರಣದ ಹಿಂದೆ ಬೀಳ್ತಾನೆ. ಅಪ್ಪ ಮಗನನ್ನ ಉಳಿಸೋಕೆ ನಿಲ್ತಾನೆ.

ಇಷ್ಟು ಹೇಳಿದ್ರಿಂದ ನಾನು ನಿಮ್ಮ ಸಿನಿಮಾ ಹಾಳು ಮಾಡಿದೆ ಅಂತ ಅಂದುಕೋಬೇಡಿ. ಇದನ್ನೆಲ್ಲ ನಿರ್ದೇಶಕರೇ ಕರೆದು ಹೇಳಿಬಿಡ್ತಾರೆ. ಕೊನೆ ಮಾತ್ರ ನಾನು ಹೇಳಲ್ಲ. ನನಗೆ ಕಾಡೋ ಪ್ರಶ್ನೆ ಬೇರೆ. ಯಾರು ಮಾಡಿದ್ದು ಅಂತ ಗೊತ್ತಿದ್ದೂ ನಾವು ಯಾಕೆ ಅಷ್ಟು ಆತಂಕದಿಂದ ಕೂತು ನೋಡ್ತೀವಿ? ಮತ್ತೆ, ಹಾಗೆ ಗೊತ್ತಿರೋದು ನಮ್ಮ ಮೇಲೆ ಏನಾದರೂ ಹೊಣೆ ಹೊರಿಸುತ್ತಾ?

ಮೊದಲು ಹೆಸರನ್ನೇ ನೋಡಿ. ನಾವು ‘ಆಕ್ಸಿಡೆಂಟ್ ಆಯ್ತು’ ಅಂತೀವಿ. ಮಳೆ ಆಯ್ತು, ಬೆಳಗಾಯ್ತು ಅಂದ ಹಾಗೆ. ಆ ಮಾತಿನಲ್ಲಿ ಮಾಡಿದವನೇ ಇಲ್ಲ. ಪೇಪರ್ ಭಾಷೆಯೂ ಅಷ್ಟೆ: ಕಾರು ಹರಿದು ಸಾವು, ಲಾರಿ ಗುದ್ದಿ ಸಾವು, ಟಿಪ್ಪರ್ ಚಕ್ರಕ್ಕೆ ಸಿಕ್ಕಿ ಸಾವು. ಎಲ್ಲ ಕಡೆ ಕಾರು, ಲಾರಿ, ಟಿಪ್ಪರ್ ತಾವೇ ಓಡಾಡ್ತಿರುತ್ತವೆ. ಕಾನೂನು ಕೂಡ ಆಗ ಇದನ್ನ ಹಗುರವಾಗೇ ತೂಗ್ತಿತ್ತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಭಾರತೀಯ ದಂಡ ಸಂಹಿತೆಯ 304ಎ ಕಲಂ ಪ್ರಕಾರ ಹೆಚ್ಚೆಂದರೆ ಎರಡು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷಕ್ಕೆ ಏರಿದೆ.

ಶಂಕರ್ ನಾಗ್ ಮಾಡಿದ ಮೊದಲ ಕೆಲಸ ಅಂದ್ರೆ ‘ಆಯ್ತು’ ಅನ್ನೋ ಆ ಕ್ರಿಯಾಪದಕ್ಕೆ ಒಬ್ಬ ಕರ್ತೃವನ್ನ ಕೊಟ್ಟಿದ್ದು. ಸ್ಟೇರಿಂಗ್ ಹಿಂದೆ ಯಾರಿದ್ದರು, ಯಾವ ಸ್ಥಿತಿಯಲ್ಲಿದ್ದರು, ಅವರಪ್ಪ ಯಾರು ಅಂತ ನಮಗೆ ಗೊತ್ತು. ಅದನ್ನ ನಮಗೆ ಹೇಳಿ, ಆಮೇಲೆ ನಮ್ಮ ಕಣ್ಣೆದುರೇ ಅದನ್ನ ಮತ್ತೆ ಬರೀ ‘ಆಯ್ತು’ ಮಾಡೋಕೆ ಹೊರಟವರನ್ನ ತೋರಿಸ್ತಾರೆ. ಸಸ್ಪೆನ್ಸ್ ಹುಟ್ಟೋದು ಅಲ್ಲಿ.

ಈ ಕಸುಬಿನ ಲೆಕ್ಕಾಚಾರವನ್ನ ಎಲ್ಲರಿಗಿಂತ ಸರಳವಾಗಿ ಹೇಳಿದ್ದು ಆಲ್ಫ್ರೆಡ್ ಹಿಚ್‌ಕಾಕ್. ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ 1962ರಲ್ಲಿ ಅವರನ್ನ ಕೂರಿಸಿಕೊಂಡು ದಿನಗಟ್ಟಲೆ ಮಾತಾಡಿಸಿದ್ದು ಆಮೇಲೆ ಪುಸ್ತಕ ಆಯ್ತು. ಅದರಲ್ಲಿ ಬರೋ ಬಾಂಬಿನ ಉದಾಹರಣೆ ಸಿನಿಮಾ ಕಲಿಯೋರಿಗೆಲ್ಲ ಬಾಯಿಪಾಠ. ಇಬ್ಬರು ಟೇಬಲ್ ಹತ್ತಿರ ಕೂತು ಹರಟೆ ಹೊಡೀತಿದ್ದಾರೆ. ಕೆಳಗೆ ಬಾಂಬ್ ಇದೆ ಅಂತ ನಮಗೂ ಗೊತ್ತಿಲ್ಲ. ಢಮ್ ಅಂತ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚುವಿಕೆ ಸಿಗುತ್ತೆ. ಅದೇ ಬಾಂಬ್ ಇಟ್ಟಿದ್ದನ್ನ ನಮಗೆ ಮೊದಲೇ ತೋರಿಸಿ, ಗೋಡೆ ಗಡಿಯಾರನೂ ತೋರಿಸಿದರೆ, ಅದೇ ಪೊಳ್ಳು ಹರಟೆ ಹದಿನೈದು ನಿಮಿಷ ನಮ್ಮ ಉಸಿರು ಕಟ್ಟಿಸುತ್ತೆ. ಎದ್ದು ಹೋಗ್ರೋ, ಕೆಳಗೆ ನೋಡ್ರೋ ಅಂತ ಕೂಗೋಣ ಅನ್ಸುತ್ತೆ. ಕೂಗಿದರೆ ಅವರಿಗೆ ಕೇಳಲ್ಲ.

ಗೊತ್ತಿದೆ, ಕೈಯಲ್ಲಿ ಏನೂ ಇಲ್ಲ, ಕಾಯಬೇಕು. ಸಸ್ಪೆನ್ಸ್ ಅಂದ್ರೆ ಈ ಮೂರು ಸೇರಿದ್ದು.

ಇದರ ಪಕ್ಕಕ್ಕೆ ಸುನೀಲ್ ಕುಮಾರ್ ದೇಸಾಯಿ ಅವರ ‘ತರ್ಕ’ ಇಟ್ಟು ನೋಡಿ. 1989ರ ಸಿನಿಮಾ, ಅದರಲ್ಲೂ ಶಂಕರ್ ನಾಗ್ ಇದ್ದಾರೆ, ನಟನಾಗಿ. ಹಾಡೇ ಇಲ್ಲ. ಅಗಾಥಾ ಕ್ರಿಸ್ಟಿಯ ನಾಟಕದ ಎಳೆ ಹಿಡಿದು ಮಾಡಿದ ಬಿಗಿಯಾದ ಕಥೆ. ಅಲ್ಲಿ ನಾವು ಪತ್ತೇದಾರರು. ಯಾರು, ಯಾಕೆ, ಹೇಗೆ ಅಂತ ತಲೆ ಓಡಿಸ್ತಾ ಕೂರ್ತೀವಿ, ಕೊನೆಗೆ ನಮ್ಮ ಊಹೆ ತಪ್ಪಿದ್ರೂ ಖುಷಿ ಆಗುತ್ತೆ. ನಾನು ದೇಸಾಯಿ ಅವರ ಅಭಿಮಾನಿ, ಅದನ್ನ ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ ಆ ಖುಷಿ ಒಗಟು ಬಿಡಿಸಿದ ಖುಷಿ. ‘ಆಕ್ಸಿಡೆಂಟ್’ ನಮ್ಮ ಬುದ್ಧಿಗೆ ಅಂಥ ಕೆಲಸ ಕೊಡಲ್ಲ. ನಮ್ಮನ್ನ ಸಾಕ್ಷಿ ಮಾಡಿ ಕೂರಿಸುತ್ತೆ. ಪತ್ತೇದಾರನಿಗೆ ಸತ್ಯ ಸಿಕ್ಕ ಕೂಡಲೇ ಕೆಲಸ ಮುಗೀತು. ಸಾಕ್ಷಿಯ ಕಷ್ಟ ಶುರುವಾಗೋದೇ ಸತ್ಯ ಸಿಕ್ಕ ಮೇಲೆ.

ಗೊತ್ತಿರೋ ಕಥೆಯನ್ನ ಉಸಿರು ಬಿಗಿಹಿಡಿದು ನೋಡೋದು ನಮ್ಮ ಜನಕ್ಕೇನೂ ಹೊಸದಲ್ಲ. ನಾನು ಕೊಡಂಬಲದವನು, ಬೀದರ್ ಜಿಲ್ಲೆ. ನಮ್ಮ ಕಡಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರಿ ಅಂದ್ರ ದೊಡ್ಡ ಜಾತ್ರಿ, ಜನವರಿಯಲ್ಲಿ ನಡೀತದ. ವೀರಭದ್ರನ ಪುರವಂತರು ಒಡಪು ಹೇಳೋವಾಗ ಬರೋದು ದಕ್ಷಯಜ್ಞದ ಕಥೆ. ಅದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲ್ಲ. ಸತಿ ತವರಿಗೆ ಹೋಗ್ತಾಳೆ, ಅಪಮಾನ ಆಗುತ್ತೆ, ಪ್ರಾಣ ಬಿಡ್ತಾಳೆ, ವೀರಭದ್ರ ಹುಟ್ತಾನೆ. ಆದ್ರೂ ಸತಿ ಹೊರಟು ನಿಂತಾಗ ‘ಹೋಗಬ್ಯಾಡವ್ವಾ’ ಅನ್ನೋ ಹಂಗ ಆಗ್ತದ. ಹಿಚ್‌ಕಾಕ್ ಹೇಳಿದ ಬಾಂಬು ಆ ಯಜ್ಞಮಂಟಪದ ಕೆಳಗೂ ಇದೆ.

ಆದರೆ ಆ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸೋದು ಶಿಕ್ಷೆಯ ಭಾಗ. ವೀರಭದ್ರ ದಕ್ಷನ ತಲೆ ತೆಗೆದ ಅನ್ನೋದು ಎಲ್ಲರಿಗೂ ನೆನಪಿರುತ್ತೆ. ಭಾಗವತದಲ್ಲಿ ಇನ್ನಿಬ್ಬರಿಗೆ ಆದ ಶಿಕ್ಷೆಯೂ ಇದೆ. ಭಗ ಅನ್ನೋ ದೇವತೆಯ ಕಣ್ಣು ಕಿತ್ತ, ಪೂಷ ಅನ್ನೋನ ಹಲ್ಲು ಉದುರಿಸಿದ. ಅವರ ತಪ್ಪೇನು? ಸಭೆಯಲ್ಲಿ ಶಿವನಿಗೆ ನಿಂದೆ ನಡೀತಿದ್ದಾಗ ಭಗ ಹುಬ್ಬು ಕುಣಿಸಿ ಹುರಿದುಂಬಿಸಿದ್ದ, ಪೂಷ ಹಲ್ಲು ಕಿರಿದು ನಕ್ಕಿದ್ದ. ಬೈದವರು ಅವರಲ್ಲ. ಅವರು ಪ್ರೇಕ್ಷಕರು. ಹೇಗೆ ನೋಡಿದರು ಅನ್ನೋದಕ್ಕೆ ಕಣ್ಣು ಹೋಯ್ತು, ಯಾವಾಗ ನಕ್ಕರು ಅನ್ನೋದಕ್ಕೆ ಹಲ್ಲು ಹೋಯ್ತು. ನೋಡುವವನಿಗೂ ಲೆಕ್ಕ ಇದೆ ಅಂತ ನಮ್ಮ ಕಥೆಗಳು ಸಿನಿಮಾ ಬರೋಕೆ ಎಷ್ಟೋ ಕಾಲ ಮೊದಲೇ ಹೇಳಿವೆ.

ಅದು ಸರಿ, ಆದರೆ ಸಿನಿಮಾ ನೋಡೋವಾಗ ಹೇಗೆ ನೋಡಬೇಕು ಅನ್ನೋದು ನಮ್ಮ ಕೈಲಿದೆಯಾ? ಕ್ಯಾಮೆರಾ ಎಲ್ಲಿಟ್ಟರೆ ಅಲ್ಲಿಂದಲೇ ತಾನೇ ನೋಡೋದು? ಈ ತೊಡಕು ಬಿಡಿಸೋಕೆ ಇನ್ನೊಂದು ಸಿನಿಮಾ ಬೇಕು. ನಮ್ಮಲ್ಲಿ ಬಹಳ ಜನ ನೋಡಿ ಮೆಚ್ಚಿದ್ದು, 2014ರ ‘ದೃಶ್ಯ’. ಜೀತು ಜೋಸೆಫ್ ಅವರ 2013ರ ಮಲಯಾಳಂ ಸಿನಿಮಾದ ಕನ್ನಡ ರೂಪ, ಪಿ. ವಾಸು ನಿರ್ದೇಶನ, ರವಿಚಂದ್ರನ್ ನಾಯಕ. ಹೆಚ್ಚು ಓದಿಲ್ಲದ, ಸಿನಿಮಾ ಹುಚ್ಚಿನ ಕೇಬಲ್ ಆಪರೇಟರ್ ಒಬ್ಬನ ಮಗಳನ್ನ ಪೊಲೀಸ್ ಅಧಿಕಾರಿಯ ಮಗ ವಿಡಿಯೋ ಇಟ್ಕೊಂಡು ಬೆದರಿಸ್ತಾನೆ. ತಳ್ಳಾಟದಲ್ಲಿ ಏಟು ಬಿದ್ದು ಆ ಹುಡುಗ ಸಾಯ್ತಾನೆ. ಅಪ್ಪ ಎಲ್ಲವನ್ನೂ ಮುಚ್ಚಿಹಾಕ್ತಾನೆ. ಇಡೀ ಸಿನಿಮಾ ನಾವು ಬೇಡಿಕೊಳ್ಳೋದು ಒಂದೇ, ಇವನು ಸಿಕ್ಕಿಬೀಳದಿರಲಿ ಅಂತ.

ಈಗ ಎರಡನ್ನೂ ಒಟ್ಟಿಗೆ ಇಡಿ. ‘ಆಕ್ಸಿಡೆಂಟ್’ನಲ್ಲಿ ಒಬ್ಬ ಅಪ್ಪ, ಅವನ ಮಗುವಿನಿಂದ ಜೀವಹಾನಿ ಆಗಿದೆ, ಅಪ್ಪ ಸಾಕ್ಷ್ಯ ಅಳಿಸ್ತಾನೆ. ‘ದೃಶ್ಯ’ದಲ್ಲಿ ಒಬ್ಬ ಅಪ್ಪ, ಅವನ ಮಗುವಿನಿಂದ ಜೀವಹಾನಿ ಆಗಿದೆ, ಅಪ್ಪ ಸಾಕ್ಷ್ಯ ಅಳಿಸ್ತಾನೆ. ಒಬ್ಬನನ್ನ ಕಂಡರೆ ಮೈ ಉರಿಯುತ್ತೆ, ಇನ್ನೊಬ್ಬನಿಗೆ ಶಿಳ್ಳೆ ಹೊಡೀತೀವಿ. ಯಾಕೆ?

ವ್ಯತ್ಯಾಸ ಇಲ್ಲವೇ ಇಲ್ಲ ಅಂದ್ರೆ ಅದು ಬರೀ ವಾದಕ್ಕೆ ವಾದ. ವ್ಯತ್ಯಾಸ ಖಂಡಿತ ಇದೆ. ಮೊದಲನೆಯದು, ಕೃತ್ಯದ ಸ್ವರೂಪ. ಒಬ್ಬಳು ತನ್ನ ಮಾನ ಉಳಿಸಿಕೊಳ್ಳೋಕೆ ಹೋರಾಡಿದಳು, ಇನ್ನೊಬ್ಬ ಮೋಜಿಗೆ ಕಾರು ಓಡಿಸಿದ. ಎರಡನೆಯದು, ಸತ್ತವರು ಯಾರು ಅನ್ನೋದು. ಆ ವಿಡಿಯೋ ಹುಡುಗ ತಾನೇ ಹಾನಿ ಮಾಡೋಕೆ ಬಂದವನು. ಫುಟ್‌ಪಾತ್ ಮೇಲಿನವರು ಮಲಗಿದ್ದರು, ಅಷ್ಟೆ. ಮೂರನೆಯದು, ಅಧಿಕಾರ. ಧರ್ಮಾಧಿಕಾರಿ ವ್ಯವಸ್ಥೆಯನ್ನ ಬಗ್ಗಿಸ್ತಾನೆ. ಕೇಬಲ್ ಆಪರೇಟರ್ ತನ್ನನ್ನ ಬಗ್ಗಿಸೋಕೆ ಬಂದ ವ್ಯವಸ್ಥೆಯಿಂದ ತಪ್ಪಿಸಿಕೊಳ್ತಾನೆ. ಈ ಮೂರೂ ನಿಜವಾದ ನೈತಿಕ ವ್ಯತ್ಯಾಸಗಳು, ಯಾವ ಕ್ಯಾಮೆರಾ ಇಟ್ಟರೂ ಅಳಿಯಲ್ಲ.

ಆದರೆ ಈ ಮೂರನ್ನೂ ಕಳೆದ ಮೇಲೂ ಸ್ವಲ್ಪ ಉಳಿಯುತ್ತೆ, ಅದು ಯಾವ ನೀತಿಯ ಲೆಕ್ಕಕ್ಕೂ ಸಿಗಲ್ಲ. ‘ದೃಶ್ಯ’ದಲ್ಲಿ ಸತ್ತ ಹುಡುಗನಿಗೂ ಅಮ್ಮ ಇದ್ದಾಳೆ. ಆಶಾ ಶರತ್ ಮಾಡಿದ ಪಾತ್ರ. ಪೊಲೀಸ್ ದರ್ಪ ಎಲ್ಲ ಸರಿ, ಆದರೆ ಕೊನೆಗೂ ಅವಳಿಗೆ ಬೇಕಿರೋದು ನನ್ನ ಮಗ ಬದುಕಿದ್ದಾನೋ ಸತ್ತಿದ್ದಾನೋ ಹೇಳಿ ಅನ್ನೋದಕ್ಕೆ ಒಂದು ಉತ್ತರ. ಆ ಉತ್ತರ ನಮಗೆ ಗೊತ್ತು. ಗೊತ್ತಿದ್ದೂ, ಅವಳಿಗೆ ಗೊತ್ತಾಗದಿರಲಿ ಅಂತ ಹಾರೈಸ್ತಾ ಕೂತಿರ್ತೀವಿ. ನಮ್ಮ ನೆರೆಮನೆಯಲ್ಲಿ ಹಾಗೊಬ್ಬ ತಾಯಿ ಕಾಯ್ತಿದ್ದರೆ ನಾವು ಹಾಗೆ ಹಾರೈಸ್ತಿದ್ವಾ?

ಹಿಚ್‌ಕಾಕ್ ಇದನ್ನ ಇನ್ನೂ ಕ್ರೂರವಾಗಿ ತೋರಿಸಿದ್ದಾರೆ. 1960ರ ‘ಸೈಕೋ’ದಲ್ಲಿ ಅದುವರೆಗೂ ನಾವು ಬೆನ್ನು ಹತ್ತಿದ್ದ ನಾಯಕಿಯ ಕೊಲೆ ಅರ್ಧ ದಾರಿಯಲ್ಲೇ ಆಗುತ್ತೆ. ಆಮೇಲೆ ನಾರ್ಮನ್ ಬೇಟ್ಸ್ ಬಾತ್‌ರೂಮ್ ತೊಳೀತಾನೆ, ನೆಲ ಒರೆಸ್ತಾನೆ, ಹೆಣವನ್ನ ಅವಳ ಕಾರಿನಲ್ಲೇ ಇಟ್ಟು ಕೆಸರಿನ ಹೊಂಡಕ್ಕೆ ತಳ್ತಾನೆ. ಕಾರು ಮುಳುಗ್ತಾ ಮುಳುಗ್ತಾ ಅರ್ಧಕ್ಕೆ ನಿಂತುಬಿಡುತ್ತೆ. ನಾರ್ಮನ್ ಮುಖದಲ್ಲಿ ಗಾಬರಿ. ಅದೇ ಕ್ಷಣ ನಮ್ಮ ಎದೆಯಲ್ಲೂ ‘ಅಯ್ಯೋ’. ಕಾರು ಪೂರ್ತಿ ಮುಳುಗಿದಾಗ ನಮಗೂ ನಿರಾಳ. ಅವಳಿಗಾಗಿ ನಾವು ಮರುಗಿ ಹೆಚ್ಚು ಹೊತ್ತು ಕೂಡ ಆಗಿರಲ್ಲ, ಆಗಲೇ ಅವಳ ಹೆಣ ಬಚ್ಚಿಡೋನ ಪರ ನಿಂತಿದ್ದೀವಿ. ನಮಗೆ ಯಾರೂ ಯಾವ ವಾದನೂ ಮಾಡಿ ಒಪ್ಪಿಸಿಲ್ಲ. ಒಬ್ಬ ಮನುಷ್ಯ ಗಮನ ಇಟ್ಟು ಕೆಲಸ ಮಾಡೋದನ್ನ ಹತ್ತಿರದಿಂದ ತೋರಿಸಿದರು, ಅಷ್ಟಕ್ಕೇ ನಾವು ಅವನ ಜೊತೆ ಕಾಯೋಕೆ ಶುರು ಮಾಡಿದ್ವಿ.

ಅಂದ್ರೆ ಸಸ್ಪೆನ್ಸ್ ನಿರ್ದೇಶಕನ ಕೈಲಿರೋ ದೊಡ್ಡ ಆಯ್ಕೆ ಯಾವ ಗುಟ್ಟನ್ನ ಯಾವಾಗ ಬಿಡಬೇಕು ಅನ್ನೋದಕ್ಕಿಂತ, ಪ್ರೇಕ್ಷಕನನ್ನ ಯಾರ ಪಕ್ಕ ಕೂರಿಸಿ ಕಾಯಿಸಬೇಕು ಅನ್ನೋದು. ಯಾರ ಪಕ್ಕ ಕೂತು ಕಾಯ್ತೀವೋ ಅವರೇ ನಮ್ಮವರು ಅನಿಸಿಬಿಡುತ್ತೆ. ಅದು ಮನುಷ್ಯ ಸ್ವಭಾವ. ಆಡಂ ಸ್ಮಿತ್ 1759ರ ಪುಸ್ತಕದಲ್ಲಿ ಇದನ್ನ ಬೇರೆ ರೀತಿ ಹೇಳಿದ್ದ. ಚೀನಾ ದೇಶ ಭೂಕಂಪದಲ್ಲಿ ಮುಳುಗಿಹೋದರೂ ಯುರೋಪಿನ ಮನುಷ್ಯ ಒಂದಷ್ಟು ಮರುಗಿ ರಾತ್ರಿ ಗೊರಕೆ ಹೊಡೀತಾನೆ, ನಾಳೆ ತನ್ನ ಕಿರುಬೆರಳು ಹೋಗುತ್ತೆ ಅಂದ್ರೆ ಮಾತ್ರ ನಿದ್ದೆ ಬರಲ್ಲ. ಸ್ಮಿತ್ ಅಲ್ಲಿಗೇ ನಿಲ್ಲಲಿಲ್ಲ. ಹಾಗಂತ ಕಿರುಬೆರಳು ಉಳಿಸಿಕೊಳ್ಳೋಕೆ ಅಷ್ಟೂ ಜನರನ್ನ ಬಲಿ ಕೊಡ್ತಾನಾ ಅಂತ ಕೇಳಿ, ಇಲ್ಲ, ನಮ್ಮೊಳಗೆ ಒಬ್ಬ ಪಕ್ಷಪಾತ ಇಲ್ಲದ ಪ್ರೇಕ್ಷಕ ಕೂತಿದ್ದಾನೆ ಅಂದ. ಪ್ರೇಕ್ಷಕ ಅನ್ನೋ ಪದವನ್ನೇ ಬಳಸಿದ್ದು ನನಗೆ ಇಷ್ಟ.

ಈಗ ಶಂಕರ್ ನಾಗ್ ಕಸುಬು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತೆ. ಅವರಿಗೂ ಅಪ್ಪನ ಪಕ್ಕ ನಮ್ಮನ್ನ ಕೂರಿಸೋದು ಸುಲಭ ಇತ್ತು. ಆ ಅಪ್ಪನ ಪಾತ್ರ ಮಾಡಿದ್ದು ಅನಂತ್ ನಾಗ್. ‘ಬಯಲು ದಾರಿ’, ‘ಚಂದನದ ಗೊಂಬೆ’, ‘ನಾ ನಿನ್ನ ಬಿಡಲಾರೆ’ ನೋಡಿದ ಜನಕ್ಕೆ ಆ ಮುಖ, ಆ ಮೆತ್ತನೆ ದನಿ ಅಂದ್ರೆ ಮನೆ ಅಳಿಯನ ಹಾಗೆ. ಗುಡುಗೋ ಖಳನಟನನ್ನ ಹಾಕಿದ್ದರೆ ನಮಗೆ ದ್ವೇಷಿಸೋದು ಸಲೀಸು. ಸ್ವಂತ ಅಣ್ಣನನ್ನ, ಜನ ಮೆಚ್ಚಿದ ನಾಯಕನನ್ನ ತಂದು ಅಲ್ಲಿ ನಿಲ್ಲಿಸಿದರು. ಅಧಿಕಾರ ಅಂದ್ರೆ ಹೀಗೇ ಸಭ್ಯವಾಗಿ, ನಮಗೆ ಪರಿಚಯ ಇರೋ ಮುಖದಲ್ಲೇ ಬರುತ್ತೆ ಅನ್ನೋ ಹಾಗೆ. ಅವನಿಗೆ ಇಟ್ಟ ಹೆಸರೂ ನೋಡಿ, ಧರ್ಮಾಧಿಕಾರಿ.

ಇನ್ನು ತಾವು? ‘ಆಟೋ ರಾಜ’ ಬಂದು ಐದು ವರ್ಷ ಆಗಿತ್ತು. ಆಟೋ ಹಿಂದೆಲ್ಲ ಅವರ ಚಿತ್ರ. ಮನಸ್ಸು ಮಾಡಿದ್ರೆ ದೀಪಕ್ ಮತ್ತವನ ಗೆಳೆಯನನ್ನ ಕಾಲರ್ ಹಿಡಿದು ಎಳೆದು ತಂದು ಅರ್ಧ ಗಂಟೆಯಲ್ಲಿ ಸಿನಿಮಾ ಮುಗಿಸೋ ಪಾತ್ರ ಬರೆಸಿಕೊಳ್ಳಬಹುದಿತ್ತು. ಅವರು ಪತ್ರಕರ್ತ ಆದರು. ತನಗೆ ಗೊತ್ತಾದದ್ದನ್ನ ಅಚ್ಚು ಹಾಕಿಸೋಕೂ ಇನ್ನೊಬ್ಬರ ಒಪ್ಪಿಗೆ ಬೇಕಾಗೋ ಮನುಷ್ಯ. ಗೊತ್ತಿದೆ, ಕೈಯಲ್ಲಿ ಬಲ ಇಲ್ಲ, ಕಾಯಬೇಕು. ಹಿಚ್‌ಕಾಕ್ ಪ್ರೇಕ್ಷಕನಿಗೆ ಕೊಟ್ಟ ಸ್ಥಿತಿಯನ್ನೇ ಶಂಕರ್ ನಾಗ್ ತಮ್ಮ ನಾಯಕನಿಗೂ ಕೊಟ್ಟರು. ರಾಮಣ್ಣನಿಗಂತೂ, ರಮೇಶ್ ಭಟ್ ಮಾಡಿದ ಪಾತ್ರ, ಅದಕ್ಕಿಂತ ಕಡಿಮೆ ಬಲ. ಅವನು ಕಣ್ಣಾರೆ ಕಂಡಿದ್ದಾನೆ. ಆದರೆ ಅವನ ಕಣ್ಣಿಗೆ ಕಿಮ್ಮತ್ತು ಕೊಡೋರು ಯಾರು? ಸಿನಿಮಾ ನಮ್ಮನ್ನ ಕೂರಿಸೋದು ಇವರ ಪಕ್ಕ.

‘ದೃಶ್ಯ’ದಲ್ಲಿ ಸಾಕ್ಷಿಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಹೋಟೆಲಿನವರು, ಬಸ್ಸಿನವರು, ಥಿಯೇಟರಿನವರು ಎಲ್ಲ ಪ್ರಾಮಾಣಿಕರು. ತಮಗೆ ನೆನಪಿರೋದನ್ನೇ ಹೇಳ್ತಾರೆ. ಆದರೆ ಆ ನೆನಪಿನ ತಾರೀಕನ್ನ ನಾಯಕ ಮೊದಲೇ ಜಾಣತನದಿಂದ ಬದಲಾಯಿಸಿ ಕೂರಿಸಿದ್ದಾನೆ. ಸಿನಿಮಾ ನೋಡಿ ನೋಡಿ ಕಲಿತ ಎಡಿಟಿಂಗ್ ಅದು. ಒಂದು ಸಿನಿಮಾದಲ್ಲಿ ಸುಳ್ಳಿಗೆ ಊರೆಲ್ಲ ಸಾಕ್ಷಿ, ಇನ್ನೊಂದರಲ್ಲಿ ಸತ್ಯಕ್ಕೆ ಒಬ್ಬನೇ ಸಾಕ್ಷಿ. ಎರಡನ್ನೂ ನೋಡಿದ ಮೇಲೆ ನಾಲ್ಕು ಜನ ಹೇಳಿದ್ರು ಅನ್ನೋ ಮಾತನ್ನ ನಂಬೋವಾಗ ಸ್ವಲ್ಪ ತಡೆದು ನಂಬೋ ಹಾಗೆ ಆಗುತ್ತೆ.

ಇಲ್ಲೊಂದು ಆಟ ಆಡಿ ನೋಡಿ. ಮನಸ್ಸಿನಲ್ಲೇ ‘ಆಕ್ಸಿಡೆಂಟ್’ ಅನ್ನ ಧರ್ಮಾಧಿಕಾರಿಯ ಮನೆಯಿಂದ ಮತ್ತೆ ಶೂಟ್ ಮಾಡಿ. ಒಬ್ಬನೇ ಮಗ, ನಶೆಗೆ ಬಿದ್ದಿದ್ದಾನೆ, ನಡುರಾತ್ರಿ ನಡುಗ್ತಾ ಮನೆಗೆ ಬರ್ತಾನೆ, ‘ಅಪ್ಪಾ’ ಅಂತಾನೆ. ಆ ಕೋಣೆಯಲ್ಲಿ ಕ್ಯಾಮೆರಾ ಎರಡು ನಿಮಿಷ ನಿಂತರೆ ನಮ್ಮಲ್ಲಿ ಎಷ್ಟು ಜನ ‘ಪೊಲೀಸ್ ಬಾರದಿರಲಿ’ ಅಂತ ಅಂದುಕೊಳ್ಳಲ್ಲ? ಅದೇ ರೀತಿ ‘ದೃಶ್ಯ’ವನ್ನ ಆ ಅಮ್ಮನ ಕಡೆಯಿಂದ ಶೂಟ್ ಮಾಡಿ. ನಾಯಕನ ಶಾಂತ ಮುಖ ಆಗ ನಮಗೆ ಎಷ್ಟು ಭಯಂಕರ ಕಾಣಬಹುದು. ಹೀಗೆ ತಿರುಗಿಸಿ ನೋಡಿದಾಗಲೂ ಅಲುಗದೆ ಉಳಿಯೋದು ನಿಜವಾದ ತೀರ್ಪು. ಮೋಜಿಗೆ ಕಾರು ಓಡಿಸಿ ಮಲಗಿದ್ದವರನ್ನ ಕೊಂದಿದ್ದು ಯಾವ ಕೋಣೆಯಿಂದ ನೋಡಿದರೂ ತಪ್ಪೇ. ತಿರುಗಿಸಿದ ಕೂಡಲೇ ಅಲುಗೋದು ಬರೀ ಪಕ್ಕದಲ್ಲಿ ಕೂತ ಪ್ರೀತಿ.

ಅಪ್ಪಂದಿರ ಈ ಪ್ರೀತಿಗೆ ನಮ್ಮಲ್ಲಿ ಧೃತರಾಷ್ಟ್ರನ ಹೆಸರಿದೆ. ಅದರ ಇನ್ನೊಂದು ತುದಿಯ ಕಥೆ ತಮಿಳುನಾಡಿನದು, ಮನುನೀತಿ ಚೋಳ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸಾಯುತ್ತೆ. ತಾಯಿ ಹಸು ಬಂದು ಅರಮನೆಯ ನ್ಯಾಯದ ಗಂಟೆ ಎಳೆಯುತ್ತೆ. ರಾಜ ತನ್ನ ಮಗನನ್ನೂ ಅದೇ ಥರ ರಥದ ಚಕ್ರಕ್ಕೆ ಒಡ್ಡುತ್ತಾನೆ. ಸರಿಯಾಗಿ ನೋಡಿದ್ರೆ ಅದೂ ಅಧಿಕಾರಸ್ಥನ ಮಗನ ವಾಹನ ಅಪಘಾತದ ಕಥೆಯೇ. ನನಗೆ ಆ ರಾಜನ ತೀರ್ಪು ಒಪ್ಪಿಗೆ ಇಲ್ಲ, ಕರುವಿಗೆ ಬದಲು ಮಗನ ಜೀವ ಅನ್ನೋದು ನ್ಯಾಯಕ್ಕಿಂತ ಹೆಚ್ಚು ಪ್ರದರ್ಶನ. ಆದರೆ ಒಂದು ಕೆಲಸ ಅವನು ಸರಿಯಾಗಿ ಮಾಡಿದ. ಹೊರಗೆ ಗಂಟೆ ಕಟ್ಟಿಸಿದ್ದ. ಮಾತು ಬಾರದ ಹಸು ಕೂಡ ಬಂದು ಎಳೆಯೋ ಹಾಗೆ. ಸಾಕ್ಷಿಗೆ ದಾರಿ ಇರಬೇಕು ಅನ್ನೋದು ಅದರ ಅರ್ಥ.

ನಮ್ಮ ಸಾಕ್ಷಿಗಳಿಗೆ ಆ ಗಂಟೆ ಸಿಕ್ಕಿದ್ದು ಬಹಳ ತಡವಾಗಿ. ರಸ್ತೆಯಲ್ಲಿ ಗಾಯ ಆದವರನ್ನ ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸರು, ಆಸ್ಪತ್ರೆಯವರು ತೊಂದರೆ ಕೊಡಬಾರದು ಅನ್ನೋ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿದ್ದು 2016ರಲ್ಲಿ. ಅದು ಮೋಟಾರು ವಾಹನ ಕಾಯ್ದೆಯೊಳಗೆ ಬಂದಿದ್ದು 2019ರ ತಿದ್ದುಪಡಿಯಲ್ಲಿ. ಬೆದರಿಕೆ ಇರೋ ಸಾಕ್ಷಿಗಳಿಗೆ ರಕ್ಷಣೆ ಕೊಡೋ ಯೋಜನೆಯನ್ನ ಅದೇ ಕೋರ್ಟ್ ಒಪ್ಪಿ, ದೇಶಕ್ಕೆಲ್ಲ ಅನ್ವಯ ಅಂದಿದ್ದು 2018ರ ಡಿಸೆಂಬರಿನಲ್ಲಿ. ‘ಆಕ್ಸಿಡೆಂಟ್’ ಬಂದು 33 ವರ್ಷ ಆಗಿತ್ತು. ರಾಮಣ್ಣನಂಥವರು ಅಷ್ಟು ವರ್ಷ ಏನು ಮಾಡಿದರು ಅಂತ ಯೋಚಿಸಿ. ಸುಮ್ಮನಿದ್ದರು, ಇನ್ನೇನು ಮಾಡ್ತಾರೆ.

ಫುಟ್‌ಪಾತ್ ಮೇಲೆ ಮಲಗಿದವರ ಬಗ್ಗೆ ನನಗೆ ಇನ್ನೊಂದು ಮಾತು ಹೇಳೋದಿದೆ. ನಮ್ಮ ಕಡಿ ಅದಕ್ಕ ಗುಳೆ ಅಂತಾರ. ಮಳಿ ಕೈಕೊಟ್ಟ ವರ್ಷ ಮನಿಗೆ ಬೀಗ ಹಾಕಿ, ಹುಡುಗರು ಮಕ್ಕಳನ್ನ ಕಟ್ಕೊಂಡು ದುಡಿಯಾಕ ಹೋಗೋದು. ಹೈದರಾಬಾದ್ ಹತ್ರ, ಹಂಗಾಗಿ ಬಹಳ ಮಂದಿ ಅತ್ಲಾಗ ಹೋಗ್ತಾರ. ಪುಣೆ, ಮುಂಬೈಗೂ ಹೋಗ್ತಾರ. ಬೆಂಗಳೂರಿಗೂ ಬರ್ತಾರ. ನಾವು ಈಗ ಕೂತು ಕೆಲಸ ಮಾಡೋ ಗಾಜಿನ ಕಟ್ಟಡಗಳಿಗೆ ಸಿಮೆಂಟ್ ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರದವರು ಎಷ್ಟೋ ಜನ. ಅದಕ್ಕೇ ಆ ಸಿನಿಮಾದ ಫುಟ್‌ಪಾತ್ ದೃಶ್ಯ ನನಗೆ ಬೇರೆ ಥರ ತಾಗುತ್ತೆ. ಆ ಸಾಲಿನಲ್ಲಿ ಮಲಗಿರೋದು ನನಗೆ ‘ಬಡವರು’ ಅಂತ ಕಾಣಲ್ಲ, ಊರಿನಿಂದ ಹೊರಟು ಇನ್ನೂ ಜಾಗ ಸಿಗದವರು ಅಂತ ಕಾಣುತ್ತೆ. ಆದರೆ ಇಲ್ಲೂ ಅದೇ ಮಾತು ನನಗೂ ಅನ್ವಯ. ನನಗೆ ಹಾಗೆ ಕಾಣೋದು ನಾನು ಅವರ ಪಕ್ಕದಲ್ಲಿ ಬೆಳೆದಿದ್ದಕ್ಕೆ. ಅಲ್ಲಿ ಬೆಳೆಯದ ಪ್ರೇಕ್ಷಕನನ್ನ ಒಯ್ದು ಅವರ ಪಕ್ಕ ಕೂರಿಸೋಕೆ ಒಬ್ಬ ನಿರ್ದೇಶಕ ಬೇಕಾಯ್ತು. ಪೇಪರಿನ ಒಂದು ಕಾಲಂ ಸುದ್ದಿ, ‘ಕೂಲಿಕಾರರ ಸಾವು’, ಆ ಕೆಲಸ ಮಾಡಲ್ಲ.

ಇದಕ್ಕೆ ಒಂದು ಆಕ್ಷೇಪ ಇದೆ, ಅದು ಬಲವಾದ್ದೇ. ಸಿನಿಮಾ ನೋಡಿ ಬೇಯ್ತೀವಿ, ಅಳ್ತೀವಿ, ಆಮೇಲೆ ಪಾರ್ಕಿಂಗಿನಿಂದ ಗಾಡಿ ತೆಗೆದು ಹೊರಡ್ತೀವಿ. ಆತಂಕ ಎಲ್ಲ ಅಲ್ಲೇ ಖರ್ಚಾಗಿಬಿಡುತ್ತೆ. ಅನ್ಯಾಯಕ್ಕೆ ಸಾಕ್ಷಿಯಾದೆ ಅನ್ನೋ ಸಮಾಧಾನ ಬೇರೆ. ಏನೂ ಮಾಡೋಕಾಗದ ಸ್ಥಿತಿಯನ್ನೇ ರುಚಿಯಾಗಿ ಉಣಬಡಿಸೋ ಕಲೆ ಅಲ್ವಾ ಸಸ್ಪೆನ್ಸ್ ಅನ್ನೋದು? ಹೌದು, ಬಹಳ ಸಲ ಹಾಗೇ ಆಗುತ್ತೆ. ಒಂದು ಸಿನಿಮಾ ಯಾರನ್ನಾದರೂ ಒಳ್ಳೆಯವರನ್ನ ಮಾಡಿತು ಅಂತ ನಾನು ಹೇಳಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಥಿಯೇಟರಿನಲ್ಲಿ ನಾವು ಕೂಗಿದರೆ ಪರದೆಯ ಮೇಲಿನವರಿಗೆ ಕೇಳಲ್ಲ. ಹೊರಗೆ ಕೇಳುತ್ತೆ. ಆಫೀಸಿನಲ್ಲಿ ರಿಲೀಸ್ ಮುಂಚೆ ಮೀಟಿಂಗ್ ನಡೀತಿರುತ್ತೆ. ಇದು ಹೀಗೇ ಹೋದರೆ ಯಾರಿಗೋ ತೊಂದರೆ ಆಗುತ್ತೆ ಅಂತ ಕೋಣೆಯಲ್ಲಿ ಎಂಟು ಜನಕ್ಕೆ ಗೊತ್ತಿರುತ್ತೆ. ಎಂಟೂ ಜನ ಲ್ಯಾಪ್‌ಟಾಪ್ ನೋಡ್ತಾ ಇರ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆಯ ಕೆಲಸದ ಹುಡುಗಿಗೆ ಏನಾಗ್ತಿದೆ ಅಂತ ಇಡೀ ಫ್ಲೋರಿಗೆ ಗೊತ್ತಿರುತ್ತೆ. ರಸ್ತೆಯಲ್ಲಿ ಬಿದ್ದವನ ಸುತ್ತ ಇಪ್ಪತ್ತು ಫೋನು ಎದ್ದಿರುತ್ತೆ, ಇಪ್ಪತ್ತರಲ್ಲೂ ಕ್ಯಾಮೆರಾ ಆನ್. ಇವೆಲ್ಲ ಸಸ್ಪೆನ್ಸ್ ಸನ್ನಿವೇಶಗಳೇ. ಗೊತ್ತಿದೆ, ಕಾಯ್ತಿದ್ದೀವಿ. ಕೈಯಲ್ಲಿ ಬಲ ಇಲ್ಲ ಅನ್ನೋ ಮೂರನೆಯದು ಮಾತ್ರ ಇಲ್ಲಿ ಸುಳ್ಳು. ಅದನ್ನ ನಾವೇ ಸಿನಿಮಾದಿಂದ ಎತ್ಕೊಂಡು ಬಂದು ಇಲ್ಲಿ ಹಾಕಿಕೊಂಡಿದ್ದೀವಿ. ಭಗ, ಪೂಷರೂ ಬಹುಶಃ ತಾವು ಬರೀ ಅತಿಥಿಗಳು ಅಂತಲೇ ಅಂದುಕೊಂಡಿದ್ದರು.

‘ಆಕ್ಸಿಡೆಂಟ್’ಗೆ ಸಾಮಾಜಿಕ ವಿಷಯದ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂತು. ಶಂಕರ್ ನಾಗ್ ಅದಾದ ಮೇಲೆ ‘ಮಾಲ್ಗುಡಿ ಡೇಸ್’ ಮಾಡಿದರು, ಇನ್ನೂ ಏನೇನೋ ಮಾಡೋರಿದ್ದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಆ ಸಿನಿಮಾದ ಹೆಸರಿಗೂ ಈ ಸಾವಿಗೂ ಗಂಟು ಹಾಕಿ ವಿಧಿ ಅನ್ನೋದನ್ನ ನಾನು ಬೇಕಾದಷ್ಟು ಸಲ ಕೇಳಿದ್ದೀನಿ, ನನಗದು ಸರಿ ಅನ್ಸಲ್ಲ. ಆ ಸಿನಿಮಾ ಹೇಳಿದ್ದೇ ಅದಕ್ಕೆ ವಿರುದ್ಧ. ಎಲ್ಲವನ್ನೂ ವಿಧಿಯ ತಲೆಗೆ ಕಟ್ಟಬೇಡಿ, ಯಾರು ಓಡಿಸ್ತಿದ್ದರು ಅಂತ ಕೇಳಿ ಅಂತ.

ಸಿನಿಮಾ ಇನ್ನೊಮ್ಮೆ ನೋಡಿ. ನೋಡದವರು ಮೊದಲ ಸಲ ನೋಡಿ. ಮುಂದೇನಾಗುತ್ತೋ ಅಂತ ಉಸಿರು ಬಿಗಿ ಹಿಡಿದಾಗ ಒಂದು ಕ್ಷಣ ಗಮನಿಸಿ, ನಾನೀಗ ಯಾರ ಪಕ್ಕದಲ್ಲಿ ಕೂತಿದ್ದೀನಿ, ಯಾರಿಗಾಗಿ ಕಾಯ್ತಿದ್ದೀನಿ ಅಂತ. ಒಳ್ಳೆ ನಿರ್ದೇಶಕ ಅದನ್ನ ನಮಗೆ ಗೊತ್ತಾಗದ ಹಾಗೆ ಮಾಡಿರ್ತಾನೆ. ಗೊತ್ತು ಮಾಡಿಕೊಳ್ಳೋದು ನಮ್ಮ ಕೆಲಸ.